ಮೈಸೆಲ್ಫ್ ಮಲ್ಲವ್ವ

ಸಿಇಟಿ ಬರೆದು ಊರಿಗೆ ಬಂದು ಮೂರು ವಾರ ಆಯ್ತು. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುವುದು ಬಿಟ್ಟರೆ ಸದ್ಯಕ್ಕೆ ಕೆಲಸ ಇಲ್ಲ. ಮೊನ್ನೆ ನಮ್ಮ ಓಣಿಯ ಕಾಕಾ ಒಬ್ಬರು ಬಂದರು. ಅವರ ಮಗಳದ್ದು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಿದೆ. ಬೆಳಗಾವಿಯಲ್ಲಿ ಪಿಯು ಸೈನ್ಸ್‌ಗೆ ಹಾಕಬೇಕು ಅಂತಿದ್ದಾರೆ. "ಮಲ್ಲವ್ವಾ, ಕನ್ನಡ ಸಾಲ್ಯಾಗ ಕಲತಾಳ. ಇಂಗ್ಲಿಷ್ ಜಡ ಆಕ್ಕೈತೇನ?" ಎಂದು ಕೇಳಿದರು.

ಅವರು ಕೇಳಿದ್ದು ಪುಸ್ತಕದ ಇಂಗ್ಲಿಷ್. ಅದಕ್ಕೆ ಉತ್ತರ ಸುಲಭ. ಮೂರು ತಿಂಗಳು ಜಡ, ಆಮೇಲೆ ರೂಢಿ. ನನ್ನನ್ನು ಎರಡು ವರ್ಷ ಕಾಡಿದ್ದು ಬೇರೆ ಇಂಗ್ಲಿಷ್. ಊಟದ ಡಬ್ಬಿ ಬಿಚ್ಚುವ ಹೊತ್ತಿನದು. ಬಸ್ಸಿಗೆ ಕಾಯುವಾಗಿನದು. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡುವುದು. ಕಾಕಾಗೆ ಇದನ್ನೆಲ್ಲ ಹೇಗೆ ಹೇಳೋದು? "ಏನೂ ಆಗಂಗಿಲ್ರಿ, ಕಳಸ್ರಿ" ಅಂದುಬಿಟ್ಟೆ. ಉಳಿದದ್ದನ್ನು ಆ ಹುಡುಗಿಗಾಗಿ, ಅವಳಂಥವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಮಲಪ್ರಭಾ ದಂಡೆಯ ಹಳ್ಳಿ. ಒಂದರಿಂದ ಏಳರವರೆಗೆ ಊರ ಶಾಲೆ, ಎಂಟರಿಂದ ಹತ್ತು ಪಕ್ಕದ ಊರಿನ ಹೈಸ್ಕೂಲು. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಹಾಗಾಗಿ ನಾನೂ ಹತ್ತು ವರ್ಷ ಇಂಗ್ಲಿಷ್ ಓದಿದವಳೇ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 91. ಪದ್ಯ ಬಾಯಿಪಾಠ, ರಜಾ ಅರ್ಜಿ ಬಾಯಿಪಾಠ, ಗೆಳತಿಗೆ ಬರೆಯುವ ಪತ್ರವೂ ಬಾಯಿಪಾಠ. ಆದರೆ ಆ ಹತ್ತು ವರ್ಷದಲ್ಲಿ ಒಬ್ಬ ಗೆಳತಿಯ ಜೊತೆಗೂ ಇಂಗ್ಲಿಷ್ ಮಾತಾಡಿರಲಿಲ್ಲ. ಯಾಕೆ ಮಾತಾಡಬೇಕು? ಎಲ್ಲರಿಗೂ ಕನ್ನಡ ಬರುತ್ತಿತ್ತು.

ಮೊದಲ ಅಡ್ಡಿ ನನ್ನ ಹೆಸರೇ. ಮಾರ್ಕ್ಸ್ ಕಾರ್ಡಿನಲ್ಲಿ ಕೊನೆಗೆ ಎರಡು 'ವಿ' ಇವೆ. ಆಧಾರ್‌ನಲ್ಲಿ ಎರಡು 'ಡಬ್ಲ್ಯು'. ಕನ್ನಡದಲ್ಲಿ ಒಂದೇ ಮಲ್ಲವ್ವ, ಇಂಗ್ಲಿಷಿನಲ್ಲಿ ಇಬ್ಬರು. ಕಾಲೇಜಿನ ಕೌಂಟರಿನವರು ಎರಡೂ ಝೆರಾಕ್ಸ್ ಅಕ್ಕಪಕ್ಕ ಇಟ್ಟು, "ಹೀಗಿದ್ದರೆ ಮುಂದೆ ಸ್ಕಾಲರ್‌ಶಿಪ್ ಅರ್ಜಿ ಸಿಕ್ಕಿಹಾಕಿಕೊಳ್ತದೆ, ಸರಿ ಮಾಡಿಸ್ಕೊಂಡು ಬರ್ರಿ" ಅಂದರು. ಅಪ್ಪ ಆಧಾರ್ ಕೇಂದ್ರಕ್ಕೆ ಎರಡು ಸಲ ಅಲೆದರು. ಮೊದಲ ದಿನ ನಾವು ಹೋಗುವಷ್ಟರಲ್ಲಿ ಟೋಕನ್ ಮುಗಿದಿದ್ದವು. ಎರಡನೇ ದಿನ ಬೆಳಗ್ಗೆ ಏಳಕ್ಕೇ ಬಾಗಿಲ ಮುಂದೆ ನಿಂತೆವು. 50 ರೂಪಾಯಿ ಕಟ್ಟಿದೆವು, ಹನ್ನೊಂದು ದಿನಕ್ಕೆ ಬದಲಾಗಿ ಬಂತು. ಒಂದು ಮಾತು: ಆಧಾರ್‌ನಲ್ಲಿ ಹೆಸರನ್ನು ಜೀವಮಾನಕ್ಕೆ ಎರಡೇ ಸಲ ಬದಲಿಸಬಹುದು. ಅದಕ್ಕೇ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಓದಿಸಿ ಬರೆಸಿ. ಹತ್ತನೇ ತರಗತಿಯಲ್ಲಿ ಇರುವವರು ಈಗಲೇ, ಪರೀಕ್ಷೆಯ ಅರ್ಜಿ ತುಂಬುವಾಗಲೇ ನೋಡಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಉಳಿದ ಕಾಗದಗಳು: ಟಿಸಿ, ಮಾರ್ಕ್ಸ್ ಕಾರ್ಡ್, ಶಾಲೆಯಿಂದ ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ), ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ (ಅದರ ಆರ್‌ಡಿ ನಂಬರ್ ಬೇರೆ ಕಡೆಯೂ ಬರೆದಿಟ್ಟುಕೊಳ್ಳಿ, ಹತ್ತು ಸಲ ಕೇಳುತ್ತಾರೆ), ಫೋಟೊ ಎಂಟು. ಫೀ 32 ಸಾವಿರ, ಎರಡು ಕಂತು. ಪುಸ್ತಕ, ಯೂನಿಫಾರ್ಮ್, ಲ್ಯಾಬ್ ಕೋಟು ಸೇರಿ ಇನ್ನೊಂದು ಆರು ಸಾವಿರ. ಉಳಿತಾಯ ಆದದ್ದು ಬಸ್ಸಿನಲ್ಲಿ ಮಾತ್ರ. ನಾನು ಸೇರಿದ ತಿಂಗಳೇ, 2023ರ ಜೂನ್ 11ಕ್ಕೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತ ಆಯ್ತು. ಸಾಮಾನು ಹೊತ್ತು ಮೂವರೂ ಬೆಳಗಾವಿಗೆ ಹೊರಟಾಗ ಅಪ್ಪ ಒಬ್ಬರೇ ರೊಕ್ಕ ಕೊಟ್ಟರು. ಅವ್ವ ದಾರಿ ಉದ್ದಕ್ಕೂ ಅದನ್ನೇ ಹೇಳಿ ನಗುತ್ತಿದ್ದಳು.

ಇರುವುದು ವಡಗಾವಿಯಲ್ಲಿ, ಚಿಗವ್ವನ ಮನೆ. ಓಣಿಯ ತುಂಬ ಮಗ್ಗದ ಸಪ್ಪಳ. ಮೊದಲ ವಾರ ಆ ಖಟ ಖಟ ಖಟಕ್ಕೆ ನಿದ್ದೆ ಬರಲಿಲ್ಲ, ಆಮೇಲೆ ಊರಿಗೆ ಬಂದರೆ ಅದಿಲ್ಲದೆ ನಿದ್ದೆ ಬರಲಿಲ್ಲ.

ಕ್ಲಾಸಿನ ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ನಾನು ಐದನೇ ಬೆಂಚು. ನನ್ನ ಸರದಿ ಬರುವಷ್ಟರಲ್ಲಿ ಒಳಗೊಳಗೇ ಇಪ್ಪತ್ತು ಸಲ ಹೇಳಿಕೊಂಡಿದ್ದೆ. ಎದ್ದು, "ಮೈಸೆಲ್ಫ್ ಮಲ್ಲವ್ವ" ಅಂದೆ. ಹಿಂದಿನ ಬೆಂಚಿನಿಂದ ಒಂದು ಸಣ್ಣ ನಗು. ಅದು 'ಮೈಸೆಲ್ಫ್'ಗೋ 'ಮಲ್ಲವ್ವ'ಗೋ ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮಜ್ಜಿಯ ಹೆಸರು ಅದು. ನನ್ನ ಹಿಂದೆ ಇದ್ದವರ ಹೆಸರೆಲ್ಲ ಎರಡಕ್ಷರ, ಕೊನೆಗೆ 'ಶಾ', 'ಯಾ' ಬರುವಂಥವು. ಮಧ್ಯಾಹ್ನದ ಹೊತ್ತಿಗೆ ನಾನು 'ಮೈಸೆಲ್ಫ್' ಆಗಿದ್ದೆ. "ಮೈಸೆಲ್ಫ್, ಪಾಸ್ ದ ಬಾಟಲ್." ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದರು ಅಂತ ಈಗ ಅನಿಸುತ್ತದೆ. ಆಗ ಅನಿಸುತ್ತಿರಲಿಲ್ಲ.

ಇಂಗ್ಲಿಷ್ ಮೇಡಂ ಒಂದು ತಿಂಗಳ ನಂತರ ನನ್ನನ್ನೊಬ್ಬಳನ್ನೇ ಕರೆದು, "ಐ ಆ್ಯಮ್ ಅಂದ್ರೆ ಸಾಕವಾ, ಮೈಸೆಲ್ಫ್ ಬ್ಯಾಡ" ಎಂದು ಕನ್ನಡದಲ್ಲೇ ಹೇಳಿದರು. ಅವರದ್ದೂ ನಮ್ಮ ಕಡೆಯ ಮಾತು! ಒಂದು ತಿಂಗಳು ಅದನ್ನು ಮುಚ್ಚಿಟ್ಟುಕೊಂಡಿದ್ದರು.

ಪಾಠ ಹೇಗೋ ನಡೆಯಿತು. ಫಿಸಿಕ್ಸ್‌ನಲ್ಲಿ ವೇಗ ವೆಲಾಸಿಟಿ ಆಯ್ತು, ಜಡತ್ವ ಇನರ್ಷಿಯಾ ಆಯ್ತು. ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ತಂದಿಟ್ಟುಕೊಂಡಿದ್ದೆ. ಹೊಸ ಪದ ಬಂದಾಗ ಅದರಲ್ಲಿ ಜೋಡಿ ಹುಡುಕುತ್ತಿದ್ದೆ. ನೀವೂ ಆ ಪುಸ್ತಕಗಳನ್ನು ಶಾಲೆಗೆ ವಾಪಸ್ ಕೊಡಬೇಡಿ, ಯಾರಾದರೂ ಹಿರಿಯರ ಹಳೇ ಪುಸ್ತಕ ಆದರೂ ಇಟ್ಟುಕೊಳ್ಳಿ. ನೀಟ್ ಬರೆಯುವವರಿಗೆ ಇನ್ನೊಂದು: ಅದನ್ನು ಕನ್ನಡದಲ್ಲೂ ಬರೆಯಬಹುದು. ಒಟ್ಟು 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡ ಆರಿಸಿಕೊಂಡರೆ ಪ್ರಶ್ನೆಪತ್ರಿಕೆಯಲ್ಲಿ ಪಕ್ಕಕ್ಕೆ ಇಂಗ್ಲಿಷೂ ಇರುತ್ತದೆ. ನನಗಿದು ಗೊತ್ತಾದದ್ದು ಎರಡನೇ ವರ್ಷ.

ಊಟದ ಹೊತ್ತಿನ ಇಂಗ್ಲಿಷ್ ಹೀಗೆ ಪುಸ್ತಕ ನೋಡಿ ಕಲಿಯುವಂಥದ್ದಲ್ಲ. ಆರು ಜನ ಕೂಡುತ್ತಿದ್ದೆವು. ಶಹಾಪುರದವಳು, ಟಿಳಕವಾಡಿಯವಳು ಇಬ್ಬರೂ ಮನೆಯಲ್ಲಿ ಮರಾಠಿ. ಕ್ಯಾಂಪಿನವಳ ಮನೆಯಲ್ಲಿ ಕೊಂಕಣಿ. ಇನ್ನೊಬ್ಬಳದ್ದು ಉರ್ದು. ನಾನು ಮತ್ತು ಕಾನ್ವೆಂಟಿನವಳು ಕನ್ನಡ. ನಾನು ಮೊದಲು ತಿಳಿದದ್ದು ಇವರೆಲ್ಲ ಸ್ಟೈಲ್ ಹೊಡೆಯಲು ಇಂಗ್ಲಿಷ್ ಮಾತಾಡ್ತಾರೆ ಅಂತ. ಒಂದಷ್ಟು ಸ್ಟೈಲ್ ಇತ್ತು, ಇಲ್ಲ ಅನ್ನಲ್ಲ. ಆದರೆ ಗಮನಿಸಿದಾಗ ಬೇರೆ ಕಂಡಿತು. ನಾನೂ ಕಾನ್ವೆಂಟಿನವಳೂ ಕನ್ನಡದಲ್ಲಿ ಎರಡು ಮಾತು ಜಾಸ್ತಿ ಆಡಿದರೆ ಆ ಕಡೆ ಇಬ್ಬರು ಮೊಬೈಲ್ ತೆಗೆಯುತ್ತಿದ್ದರು. ಅವರು ಮರಾಠಿಗೆ ಹೊರಳಿದರೆ ನಾವು ರೊಟ್ಟಿ ನೋಡುತ್ತ ಕೂಡುತ್ತಿದ್ದೆವು. ಇಂಗ್ಲಿಷಿನಲ್ಲಿ, ಸುಸ್ತಾದಾಗ ಹಿಂದಿಯಲ್ಲಿ, ಎಲ್ಲರೂ ಮುಖ ಎತ್ತುತ್ತಿದ್ದರು. ನಡುವಿನ ಅಂಗಳದ ಹಾಗೆ ಅದು. ಯಾರ ಮನೆಯದ್ದೂ ಅಲ್ಲ.

ಬೆಳಗಾವಿಯಲ್ಲಿ ಊರ ಹೆಸರೇ ನೀವು ಯಾರು ಅಂತ ಹೇಳಿಬಿಡುತ್ತದೆ. ನಾನು ಬೆಳಗಾವಿ ಅನ್ನುತ್ತೇನೆ, ಶಹಾಪುರದವಳು ಬೆಳಗಾಂವ್ ಅನ್ನುತ್ತಾಳೆ, ಕ್ಯಾಂಪಿನವಳು ಬೆಲ್ಗಾಮ್. ಸರ್ಕಾರದ ಕಾಗದದಲ್ಲಿ 2014ರ ನವೆಂಬರ್ 1ರಿಂದ ಬೆಳಗಾವಿ. ನಮ್ಮ ಡಬ್ಬಿ ಗುಂಪಿನಲ್ಲಿ ಮಾತ್ರ ಅದು 'ಸಿಟಿ'. "ಐ ಆ್ಯಮ್ ಗೋಯಿಂಗ್ ಟು ಸಿಟಿ" ಅಂದರೆ ಯಾರಿಗೂ ಬೇಜಾರಿಲ್ಲ. ನವೆಂಬರ್ ಹತ್ತಿರ ಬಂದಾಗ ಚನ್ನಮ್ಮ ಸರ್ಕಲ್‌ನಲ್ಲಿ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ ಏರುತ್ತವೆ, ಅದೇ ದಿನವನ್ನು ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರು ಕರಾಳ ದಿನ ಅನ್ನುತ್ತಾರೆ. ಆ ವಾರ ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಇನ್ನೂ ಜಾಸ್ತಿ ಆಗುತ್ತಿತ್ತು. ಕೆಮಿಸ್ಟ್ರಿ ಟೆಸ್ಟ್ ಬಗ್ಗೆ ಅಷ್ಟು ಆಸಕ್ತಿಯಿಂದ ಬೇರೆ ಯಾವಾಗಲೂ ಮಾತಾಡಿದ್ದಿಲ್ಲ.

ಇನ್ನು ವಾಟ್ಸ್‌ಆ್ಯಪ್. ಫೋನ್ ಚಿಗವ್ವನದು, ರಾತ್ರಿ ಒಂಬತ್ತರಿಂದ ಹತ್ತು ನನಗೆ. ಮೊದಲ ದಿನ ನಾನು ಕನ್ನಡ ಅಕ್ಷರದಲ್ಲಿ "ನಾಳೆ ರೆಕಾರ್ಡ್ ಬುಕ್ ತರಬೇಕೇ?" ಎಂದು ಹಾಕಿದೆ. "ಯಾರು ಈ ಅಂಕಲ್?" ಎಂದು ಉತ್ತರ ಬಂತು. ಕನ್ನಡ ಲಿಪಿಯಲ್ಲಿ ಬರೆಯುವವರು ಅವರ ಲೆಕ್ಕದಲ್ಲಿ ಬೆಳಗಿನ ಗುಡ್ ಮಾರ್ನಿಂಗ್ ಚಿತ್ರ ಕಳಿಸುವ ಮಾವಂದಿರು ಮಾತ್ರ. ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು ಅಂತ ಅವತ್ತು ಗೊತ್ತಾಯ್ತು.

ಅದಾದ ಮೇಲೆ ಸಂಕ್ಷಿಪ್ತ ಪದಗಳ ಕಾಟ. ಮೂರಕ್ಷರ ಬಂದರೆ ಏನೋ ಬೈದರು ಅಂತಲೇ ಎದೆ ಹೊಡೆದುಕೊಳ್ಳುತ್ತಿತ್ತು. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. ಆ ಪುಟ ಈಗಲೂ ಇದೆ. ಎಡಕ್ಕೆ ಇಂಗ್ಲಿಷ್ ಅಕ್ಷರ, ಬಲಕ್ಕೆ ನನ್ನ ಅರ್ಥ. ಎಫ್‌ಆರ್: ಖರೇನ. ಎಸ್‌ಎಂಎಚ್: ತಲಿ ಜಾಡಿಸೂದು. ಐವೈಕೆವೈಕೆ: ಗೊತ್ತಿದ್ದಾವಂಗ ಗೊತ್ತ. ಟಿಬಿಎಚ್: ಇದ್ದದ್ ಹೇಳಬೇಕಂದ್ರ. ಬರೀ 'ಕೆ': ಸಿಟ್ಟು ಬಂದೈತಿ, ಮಾತಾಡಸಬ್ಯಾಡ. 'ರಿಜ್' ಎಂಬ ಪದದ ಮುಂದೆ ಮಾತ್ರ ಬಹಳ ದಿನ ಖಾಲಿ ಇತ್ತು. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಎಂದು ಆರಿಸಿದ್ದು ಇದನ್ನೇ. 'ಕರಿಸ್ಮಾ', ಅಂದರೆ ವರ್ಚಸ್ಸು, ಎಂಬ ಇಂಗ್ಲಿಷ್ ಪದದ ನಡುವಿನ ತುಂಡು. ಕೊನೆಗೆ ಚಿಗವ್ವನ ಮಗ ಇಣುಕಿ ನೋಡಿ, "ಲೈನ್ ಹೊಡಿಯೋ ತಾಕತ್ತು ಅಂತ ಬರಿ" ಅಂದ. ಬರೆದೆ. ಚಿಗವ್ವ ಆ ಪುಟ ನೋಡಿದ ದಿನ ನಮ್ಮಿಬ್ಬರಿಗೂ ಪೂಜೆ ಆಯ್ತು.

ನನ್ನ ಹಾಗೆ ಬರೆದಿಟ್ಟುಕೊಳ್ಳಬೇಡಿ. ಆರು ತಿಂಗಳಿಗೆ ಆ ಪದಗಳು ಹಳತಾಗುತ್ತವೆ. ನಾನು 'ಲಿಟ್' ಕಲಿತು ಬಳಸುವಷ್ಟರಲ್ಲಿ ಅದನ್ನೂ ಅಂಕಲ್‌ಗಳೇ ಬಳಸುತ್ತಿದ್ದರು. ಅರ್ಥ ಆಗದಿದ್ದರೆ ಸುಮ್ನೆ ಕೇಳಿಬಿಡಿ. ಗ್ರೂಪಿನಲ್ಲಿ ಅರ್ಧ ಜನರಿಗೆ ಅರ್ಥ ಆಗಿರೋದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಅತ್ತೆ ಒಂದು ಸಲ. ಅಪ್ಪ ಮರುವಾರವೇ ಬಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದರು. ಎರಡು ತಿಂಗಳಿಗೆ 4,500 ರೂಪಾಯಿ. ಒಂದೇ ಸಲಕ್ಕೆ ಕಟ್ಟಬೇಕು, ವಾಪಸ್ ಇಲ್ಲ. ಸಂಜೆ ಆರರಿಂದ ಏಳು, ನಲವತ್ತು ಜನ. ಹೆಚ್ಚಿನವರು ಬ್ಯಾಂಕ್ ಪರೀಕ್ಷೆಗೆ ಓದುವ ಅಣ್ಣಂದಿರು. "ಮೇ ಐ ನೋ ಯುವರ್ ಗುಡ್ ನೇಮ್ ಪ್ಲೀಸ್" ಎಂದು ಜೋಡಿ ಜೋಡಿಯಾಗಿ ಹೇಳಿಸುತ್ತಿದ್ದರು. ಮರುದಿನ ಕಾಲೇಜಿನಲ್ಲಿ ಅದನ್ನು ಯಾರಿಗೆ ಹೇಳೋದು? ನಮ್ಮ ಬೆಂಚಿನಲ್ಲಿ ಮಾತು ಹೀಗಿರುತ್ತಿತ್ತು: "ಏ, ಸೀನ್ ಏನ್ ಗೊತ್ತಾ, ಶಿ ವಾಸ್ ಲೈಕ್..." ಅಷ್ಟರಲ್ಲಿ ಮೂವರು ನಗುತ್ತಿದ್ದರು.

ಒಂದು ಲಾಭ ಆಯ್ತು. ಅಲ್ಲಿ ಜೋರಾಗಿ ತಪ್ಪು ಮಾತಾಡಲು ಬಿಡುತ್ತಿದ್ದರು, ಹಾಗಾಗಿ ನನ್ನ ದನಿ ನನಗೇ ರೂಢಿಯಾಯಿತು. ಆದರೂ ನನ್ನನ್ನು ಕೇಳಿದರೆ ಮೊದಲ ತಿಂಗಳೇ ದುಡ್ಡು ಹಾಕಬೇಡಿ. ಒಂದು ದಿನ ಸುಮ್ನೆ ಕೂತು ನೋಡಲು ಬಿಡ್ತಾರಾ, ಕಂತಿನಲ್ಲಿ ಕಟ್ಟಬಹುದಾ, ರಸೀದಿ ಕೊಡ್ತಾರಾ ಕೇಳಿ. ನಿಮ್ಮ ವಯಸ್ಸಿನವರು ಎಷ್ಟು ಜನ ಇದ್ದಾರೆ ನೋಡಿ.

ನಿಜ ಹೇಳಬೇಕಂದ್ರೆ ಇಂಗ್ಲಿಷಿಗಿಂತ ಜಾಸ್ತಿ ಖರ್ಚಾದದ್ದು ಇಂಗ್ಲಿಷ್ ಮಾತಾಡುವ ಜಾಗಗಳಿಗೆ. ಟಿಳಕವಾಡಿಯಲ್ಲಿ ಒಂದು ಬರ್ತ್‌ಡೇ. ಕೆಫೆ. ಗಿಫ್ಟಿನ ಪಟ್ಟಿ ಸೇರಿ ತಲೆಗೆ 380. ಅಪ್ಪ ತಿಂಗಳಿಗೆ ಕೊಡುತ್ತಿದ್ದದ್ದು 1,500. ಮೆನು ಕಾರ್ಡ್ ಪೂರ್ತಿ ಇಂಗ್ಲಿಷ್, ಆದರೆ ಹತ್ತು ವರ್ಷ ಓದಿದ ಇಂಗ್ಲಿಷಿನ ಒಂದು ಪದವೂ ಅದರಲ್ಲಿ ಇರಲಿಲ್ಲ. ಎಲ್ಲರೂ ಪಟಪಟ ಹೇಳಿದರು. ನನ್ನ ಸರದಿ ಬಂದಾಗ 'ಫ್ರೈಸ್' ಎಂಬುದೊಂದು ಪರಿಚಯದ್ದು ಅನಿಸಿ 'ಪೆರಿ ಪೆರಿ ಫ್ರೈಸ್' ಅಂದೆ. ಬಂದದ್ದು ಖಾರ ಹಾಕಿದ ಉದ್ದುದ್ದ ಬಟಾಟಿ. ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. "ಇಷ್ಟ್ ರೊಕ್ಕ ಕೊಟ್ಟ ಬಟಾಟಿ ತಿಂದ ಬಂದ್ಯಾ? ಇಲ್ಲಿ ಹುಳ ಹತ್ತಿ ಹೋಗಾಕತ್ತಾವ!"

ಆಮೇಲೆ ಮೂರು ಬರ್ತ್‌ಡೇಗೆ ಹೊಟ್ಟೆನೋವು ಅಂತ ತಪ್ಪಿಸಿಕೊಂಡೆ. ನಾಲ್ಕನೆಯದಕ್ಕೆ ಉರ್ದು ಮನೆಯವಳು ಮೆಲ್ಲಗೆ, "ಮುಝೆ ಭೀ ಪೇಟ್ ದರ್ದ್ ಹೈ" ಅಂದಳು. ಇಬ್ಬರೂ ಕೋಟೆ ಕೆರೆಯ ಹತ್ತಿರ ಇಪ್ಪತ್ತು ರೂಪಾಯಿಯ ಭೇಲ್ ತಿಂದೆವು. ಅವಳ ಅಪ್ಪ ಕೊಡುವುದು ನನಗಿಂತ ಕಡಿಮೆ. ಅಷ್ಟು ಚೆಂದ ಇಂಗ್ಲಿಷ್ ಮಾತಾಡುವವಳ ಹತ್ತಿರ ದುಡ್ಡು ಇರುವುದಿಲ್ಲ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಮಾತು ನಿಜವಾಗಿ ಬಿಚ್ಚಿದ್ದು ಫಿಸಿಕ್ಸ್ ಲ್ಯಾಬಿನಲ್ಲಿ. ವರ್ನಿಯರ್ ಕ್ಯಾಲಿಪರ್ಸ್ ಪ್ರಯೋಗಕ್ಕೆ ನನ್ನ ಜೋಡಿ ಒಬ್ಬಳು ಉದ್ದ ಜಡೆಯ ಹುಡುಗಿ. ಕ್ಲಾಸಿನಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಹಳ ಸೊಕ್ಕು ಇವಳಿಗೆ ಅಂದುಕೊಂಡಿದ್ದೆ. ಹತ್ತು ನಿಮಿಷ ಇಬ್ಬರೂ ಆ ಕಬ್ಬಿಣದ ತುಂಡನ್ನು ನೋಡುತ್ತ ನಿಂತೆವು. ಕೊನೆಗೆ ಅವಳು, "ಯು ಹೋಲ್ಡ್. ಐ ರೈಟ್" ಅಂದಳು. ನಾನು, "ನೋ. ಯು ಹೋಲ್ಡ್. ಐ ರೈಟ್" ಅಂದೆ. ಇಬ್ಬರಿಗೂ ಹಿಡಿಯಲು ಬರುತ್ತಿರಲಿಲ್ಲ.

ಅವಳು ಖಾನಾಪುರ ತಾಲೂಕಿನವಳು. ಹತ್ತರವರೆಗೆ ಮರಾಠಿ ಶಾಲೆ. ಅವಳಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು, ಹಿಂದಿ ಇಬ್ಬರದ್ದೂ ಪುಸ್ತಕದ್ದು. ಉಳಿದದ್ದು ನಮ್ಮ ಮುರುಕು ಇಂಗ್ಲಿಷ್ ಒಂದೇ. ಎರಡು ವಾರದ ನಂತರ ಅವಳು ಹೇಳಿದಳು: "ಫಸ್ಟ್ ಡೇ ಐ ಥಿಂಕ್, ಯು ಮಚ್ ಪ್ರೌಡ್." ನನಗೆ ನಗು ತಡೆಯಲಿಲ್ಲ. "ಐ ಆಲ್ಸೋ ಥಿಂಕ್, ಯು ಮಚ್ ಪ್ರೌಡ್!"

ಅವಳ ಮುಂದೆ ನನಗೆ ನಾಚಿಕೆ ಆಗುತ್ತಿರಲಿಲ್ಲ. ಯಾಕೆಂದರೆ ನಾನು ತಪ್ಪು ಮಾತಾಡಿದೆ ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ! ಪದ ಸಿಗದಿದ್ದರೆ ಕೈ ಮಾಡಿ ತೋರಿಸುವುದು, ಇಲ್ಲವೇ ನೋಟ್‌ಬುಕ್ಕಿನ ಹಿಂದೆ ಚಿತ್ರ ಬಿಡಿಸುವುದು. 'ಅತ್ತೆಯ ಕಾಟ' ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳಲು ಇಬ್ಬರೂ ಒಂದಿಡೀ ಲಂಚ್ ಬ್ರೇಕ್ ಕಳೆದೆವು. ಅವಳ ಡಬ್ಬಿಯಲ್ಲಿ ಭಾಕರಿ, ನನ್ನದರಲ್ಲಿ ರೊಟ್ಟಿ. ಅದನ್ನು ಮಾತ್ರ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ದಿನ ನದಿಯ ಮಾತು ಬಂತು. ಮಲಪ್ರಭಾ ಹುಟ್ಟುವುದು ಅವಳ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಹರಿದು ನಮ್ಮ ಊರ ಬದಿಗೆ ಬರುತ್ತದೆ. "ಯುವರ್ ವಾಟರ್ ಕಮ್ ಮೈ ವಿಲೇಜ್" ಅಂದೆ. ಅವಳು ಗಂಭೀರವಾಗಿ, "ದೆನ್ ಯು ಗಿವ್ ಮನಿ" ಅಂದಳು.

ಆರು ತಿಂಗಳು ಅವಳ ಜೊತೆ ಹೀಗೆ ಮಾತಾಡಿದ ಮೇಲೆ ಡಬ್ಬಿ ಗುಂಪಿನಲ್ಲೂ ಬಾಯಿ ಬಂತು. ವ್ಯಾಕರಣ ಸರಿ ಇರಲಿಲ್ಲ. ಆದರೆ ವೇಗ ಬಂದಿತ್ತು. ಕಾಕಾನ ಮಗಳಿಗೆ ಹೇಳಬೇಕಾದ್ದು ಇದೇ: ಚೆನ್ನಾಗಿ ಮಾತಾಡುವವರ ಹಿಂದೆ ಓಡಾಡಬೇಡ. ನಿನ್ನಷ್ಟೇ ತೊದಲುವವಳು ಒಬ್ಬಳು ಎಲ್ಲೋ ಮೂಲೆಯ ಬೆಂಚಿನಲ್ಲಿ ಇರುತ್ತಾಳೆ. ಅವಳನ್ನು ಹುಡುಕು. ಅವಳಿಗೆ ನಿನ್ನ ಭಾಷೆ ಬರದಿದ್ದರೆ ಇನ್ನೂ ಒಳ್ಳೆಯದು.

ಕಾನ್ವೆಂಟಿನವಳ ವಿಷಯ ಹೇಳಲೇಬೇಕು. ನನ್ನ ಕನ್ನಡ ಉಚ್ಚಾರಕ್ಕೆ ಮೊದಲು ನಕ್ಕವಳೇ ಅವಳು. ಪಿಯುದಲ್ಲಿ ಕನ್ನಡವೂ ಒಂದು ಪೇಪರ್. ಮಧ್ಯವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಅವಳ ಪುಸ್ತಕ ನೋಡಿದೆ. ಹಳಗನ್ನಡದ ಪದ್ಯದ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಳು, ಓದಲಿಕ್ಕೆ. ಒತ್ತಕ್ಷರ ಬಂದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿ. ಅಂದಿನಿಂದ ಭಾನುವಾರ ಫೋನಿನಲ್ಲಿ ನಾನು ಅವಳಿಗೆ ಪದ್ಯ ಓದಿ ಹೇಳುತ್ತಿದ್ದೆ, ಅವಳು ನನ್ನ ಬಯಾಲಜಿ ಉತ್ತರದ ಇಂಗ್ಲಿಷ್ ತಿದ್ದುತ್ತಿದ್ದಳು. ಇದನ್ನು ಗುಂಪಿನಲ್ಲಿ ಯಾರಿಗೂ ಹೇಳಬೇಡ ಅಂದಿದ್ದಳು. ಇಲ್ಲಿಯವರೆಗೆ ಹೇಳಿರಲಿಲ್ಲ.

ಇತ್ತ ಊರಿನಲ್ಲಿ ಇನ್ನೊಂದು ಕಥೆ. ಮೊದಲ ವರ್ಷದ ಪಂಚಮಿಗೆ ಬಂದಿದ್ದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಒಂದನೇ ತರಗತಿಯಿಂದ ಜೊತೆಗಿದ್ದ ಗೆಳತಿ ಜೀಕುತ್ತಿದ್ದಳು. ಅವಳು ತಾಲೂಕಿನ ಊರಲ್ಲಿ ಆರ್ಟ್ಸ್ ಸೇರಿದ್ದಾಳೆ. ಏನೋ ಹೇಳುತ್ತ ನನ್ನ ಬಾಯಿಂದ "ಆ್ಯಕ್ಚುಲಿ" ಬಂದುಬಿಟ್ಟಿತು. ಬೇಕಂತ ಅಲ್ಲ. ಅವಳು ಕಾಲೂರಿ ಜೋಕಾಲಿ ನಿಲ್ಲಿಸಿದಳು. "ಏನಂದಿ?" ಅಂದಳು. ಉಂಡಿ ತಿನ್ನುತ್ತಿದ್ದವರೆಲ್ಲ ನಕ್ಕರು. ಅಲ್ಲಿ 'ಮೈಸೆಲ್ಫ್', ಇಲ್ಲಿ 'ಆ್ಯಕ್ಚುಲಿ'. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡುವಾಗ ಸ್ವಲ್ಪ ಶುದ್ಧ ಕನ್ನಡ ಬಳಸುತ್ತಾಳೆ, ಮೇಷ್ಟ್ರ ಮುಂದೆ ಮಾತಾಡಿದ ಹಾಗೆ. ಮೊದಲಿನ ಹಾಗೆ "ಏ ಹುಚ್ಚಿ" ಅನ್ನುವುದಿಲ್ಲ. ಈ ಮೂರು ವಾರದಲ್ಲಿ ಎರಡು ಸಲ ಅವಳ ಮನೆಗೆ ಹೋಗಿ ಬಂದೆ. ಚಹಾ ಕೊಟ್ಟಳು. ಕಪ್ಪಿನಲ್ಲಿ, ತಟ್ಟೆ ಇಟ್ಟು.

ಕೊನೆಯ ಅಧ್ಯಾಯ ಕಾಗದಗಳದ್ದೇ, ಈ ಬರಹ ಬೇರೇನಕ್ಕೆ ಅಲ್ಲದಿದ್ದರೂ ಇದಕ್ಕಾಗಿ ಓದಿ. ಎರಡನೇ ವರ್ಷದ ಜನವರಿಯಲ್ಲಿ ಸಿಇಟಿ ಅರ್ಜಿ ಬಂತು. ಅದರಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಬರೆದು ಕೊಡಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ನನ್ನದು ಎರಡು ಶಾಲೆ, ಹಾಗಾಗಿ ಎಲ್ಲವೂ ಎರಡೆರಡು. ಊರ ಶಾಲೆಯ ಹೆಡ್ ಸರ್ ತರಬೇತಿಗೆ ಹೋಗಿದ್ದರು, ನಾಲ್ಕು ದಿನ ಕಾದೆ. ಬಂದವರೇ ಒಂದನೇ ತರಗತಿಯ ದಾಖಲಾತಿ ರಿಜಿಸ್ಟರ್ ತೆಗೆದರು. ಧೂಳು ಝಾಡಿಸಿ ನನ್ನ ಹೆಸರು ತೋರಿಸಿದರು. ನೀಲಿ ಶಾಯಿಯಲ್ಲಿ ಕನ್ನಡದಲ್ಲಿ ಬರೆದದ್ದು, ಪಕ್ಕದಲ್ಲಿ ಅಪ್ಪನ ಸಹಿ. ಅದರಲ್ಲಿ 'ವಿ'ಯೂ ಇಲ್ಲ, 'ಡಬ್ಲ್ಯು'ವೂ ಇಲ್ಲ. ಮೇಲುಸಹಿಗೆ ಇನ್ನೆರಡು ಓಡಾಟ, ಸಾಹೇಬರು ಶಾಲೆಗಳ ಭೇಟಿಗೆ ಹೋಗಿದ್ದರು. ಒಟ್ಟು ಹದಿಮೂರು ದಿನ. ಪ್ರಿಪರೇಟರಿ ಪರೀಕ್ಷೆಯ ಹೊತ್ತಿನಲ್ಲಿ ಇದು ದೊಡ್ಡ ತಲೆನೋವು. ನೀವು ಟಿಸಿ ತರಲು ಹೋದ ದಿನವೇ ಇದನ್ನೂ ಕೇಳಿ ಬರೆಸಿಟ್ಟುಕೊಳ್ಳಿ. ನಮೂನೆ ಆ ವರ್ಷದ ಸೂಚನೆಯ ಪ್ರಕಾರ ಇದೆಯೇ ಅಂತ ಮಾತ್ರ ಅರ್ಜಿ ತುಂಬುವಾಗ ಮತ್ತೆ ನೋಡಿ.

ಎರಡು ವರ್ಷ ನಾನು ಕನ್ನಡ ಮೀಡಿಯಂ ಎಂಬುದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಎಲ್ಲರಿಗೂ ಗೊತ್ತಿತ್ತು, ಆದರೂ. ಆ ದಿನ ಡಬ್ಬಿ ತೆಗೆಯುವಾಗ ಪ್ಲಾಸ್ಟಿಕ್ ಕವರಿನಿಂದ ಪ್ರಮಾಣಪತ್ರ ಇಣುಕಿತು. ಕ್ಯಾಂಪಿನವಳು ಎಳೆದು ನೋಡಿದಳು. "ಕನ್ನಡ ಮೀಡಿಯಂಗೆ ಸಪರೇಟ್ ಸೀಟ್ಸ್? ಯು ಆರ್ ಸೋ ಲಕ್ಕಿ, ಯಾ!"

ಏನು ಹೇಳಬೇಕೋ ತಿಳಿಯಲಿಲ್ಲ. ಸಿಟ್ಟೂ ಬಂತು, ನಗುವೂ ಬಂತು. ಎರಡು ವರ್ಷದ ಇಂಗ್ಲಿಷ್ ಎಲ್ಲ ಸೇರಿಸಿ, "ಟೇಕ್ ಇಟ್. ಬಟ್ ಯು ಹ್ಯಾವ್ ಟು ಸೇ ಮೈಸೆಲ್ಫ್ ಇನ್ ಫ್ರಂಟ್ ಆಫ್ ಎವ್ರಿವನ್" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಅವಳೇ ಮೊದಲು ನಕ್ಕಳು. ಒಂದು ವಾಕ್ಯ ಪೂರ್ತಿ, ತಡವರಿಸದೆ ಬಂತು ಅಂತ ನನಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ.

ಖಾನಾಪುರದವಳಿಗೆ ಗ್ರಾಮೀಣದ್ದು ಸಿಕ್ಕಿತು. ಮಾಧ್ಯಮದ್ದು ಸಿಗಲಿಲ್ಲ, ಅವಳದು ಮರಾಠಿ ಶಾಲೆ. ಅದರ ಬಗ್ಗೆ ಅವಳು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಇಬ್ಬರೂ ಸಿಇಟಿ ರಿಸಲ್ಟಿಗೆ ಕಾಯುತ್ತಿದ್ದೇವೆ. ನಿನ್ನೆ ರಾತ್ರಿ ಅವ್ವನ ಫೋನಿಗೆ ಅವಳ ಮೆಸೇಜ್ ಬಂತು. ಅವಳ ಕಡೆ ಮಳೆ ಹಿಡಿದಿದೆಯಂತೆ. ನನ್ನ ಹತ್ತಿರ ಕಲಿತ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು: "ಇಲ್ಲಿ ಪಾವುಸ್ ಜೋರ್ ಐತಿ. ವಾಟರ್ ಕಳಸೀನಿ. ರೊಕ್ಕ ಕಳಸು."